ಆರ್ಥಿಕ ಸ್ವಾತಂತ್ರ್ಯಕ್ಕಾಗಿ ಯೌವನದ ನೆಮ್ಮದಿಯನ್ನು ಮುಂದೂಡಬೇಕೇ?

ಇಪ್ಪತ್ತೈದನೆಯ ವಯಸ್ಸಿನಿಂದಲೇ ಬಿಡುವಿಲ್ಲದೆ ದುಡಿದು, ಸಂಬಳದಲ್ಲಿ ಅರ್ಧವನ್ನಾದರೂ ಉಳಿಸಿ, ನಲವತ್ತೈದರ ಹೊತ್ತಿಗೆ ಯಾರ ಸಂಬಳದ ಹಂಗೂ ಇಲ್ಲದೆ ಬದುಕುವಷ್ಟು ಹಣ ಕೂಡಿಡಬೇಕೆಂಬ ಲೆಕ್ಕಾಚಾರ ಬೆಂಗಳೂರಿನ ಐಟಿ ಉದ್ಯೋಗಿಗಳ ಮಾತಿನಲ್ಲಿ ಈಗ ಆಗಾಗ ಕೇಳಿಬರುತ್ತದೆ. ಅದಕ್ಕಾಗಿ ಆ ಇಪ್ಪತ್ತು ವರ್ಷಗಳ ಸುಖವನ್ನು ಮುಂದೂಡುವುದು ಸರಿಯೇ?

ಪರ: ದುಡಿಯುವ ವಯಸ್ಸಿನಲ್ಲೇ ದುಡಿಯಬೇಕು

ಅರವತ್ತರವರೆಗೆ ಸಂಬಳ, ಆಮೇಲೆ ಪಿಂಚಣಿ ಎಂಬ ಭರವಸೆಯ ಮೇಲೆ ನಮ್ಮ ಹಿಂದಿನ ತಲೆಮಾರಿನ ನೌಕರಿದಾರರು ಬದುಕು ಕಟ್ಟಿದರು. ಆ ಭರವಸೆ ಈಗ ಸರ್ಕಾರಿ ನೌಕರಿಯಲ್ಲೂ ಮೊದಲಿನಂತಿಲ್ಲ. 2006ರ ಏಪ್ರಿಲ್‌ನಿಂದ ರಾಜ್ಯ ಸರ್ಕಾರದ ಸೇವೆಗೆ ಸೇರಿದವರನ್ನು ಎನ್‌ಪಿಎಸ್‌ಗೆ, ಅಂದರೆ ನಿಗದಿತ ಪಿಂಚಣಿಯ ಬದಲು ಕಟ್ಟಿದ ಹಣ ಮತ್ತು ಅದರ ಗಳಿಕೆಯ ಮೇಲೆ ನಿಂತಿರುವ ಪಿಂಚಣಿ ಯೋಜನೆಗೆ, ಒಳಪಡಿಸಲಾಯಿತು. ಖಾಸಗಿ ವಲಯದ ಮಾತಂತೂ ಬೇರೆಯೇ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ. 2ರಷ್ಟನ್ನು, ಅಂದರೆ 12 ಸಾವಿರದಷ್ಟು ಮಂದಿಯನ್ನು ಕೈಬಿಡುವುದಾಗಿ ಪ್ರಕಟಿಸಿದಾಗ, ಅದರ ಪೆಟ್ಟು ಮುಖ್ಯವಾಗಿ ಬೀಳಲಿದ್ದುದು ಮಧ್ಯಮ ಮತ್ತು ಹಿರಿಯ ಹಂತದವರ ಮೇಲೆ. ನಲವತ್ತೈದಕ್ಕೆ ಕೆಲಸ ಬಿಡುವುದು ಶ್ರೀಮಂತರ ಷೋಕಿಯೆಂದು ಹಾಸ್ಯ ಮಾಡುವವರು, ಆ ವಯಸ್ಸಿನಲ್ಲಿ ಕೆಲಸವೇ ನಮ್ಮನ್ನು ಬಿಟ್ಟರೆ ಏನು ಗತಿ ಎಂಬುದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಇನ್ನು ಬಡ್ಡಿಯ ಮೇಲಿನ ಬಡ್ಡಿಯ ಲೆಕ್ಕವನ್ನು ನೋಡಿ. ಇಪ್ಪತ್ತೈದರಿಂದ ಮೂವತ್ತೈದರವರೆಗೆ ತಿಂಗಳಿಗೆ 20 ಸಾವಿರ ರೂಪಾಯಿಯಂತೆ ತೊಡಗಿಸಿ, ಆಮೇಲೆ ಒಂದು ರೂಪಾಯಿಯನ್ನೂ ಸೇರಿಸದೆ ಸುಮ್ಮನೆ ಬಿಟ್ಟರೂ, ವರ್ಷಕ್ಕೆ ಶೇ. 10ರ ಗಳಿಕೆಯ ದರದಲ್ಲಿ ಅದು ನಲವತ್ತೈದಕ್ಕೆ ಒಂದು ಕೋಟಿ ದಾಟುತ್ತದೆ. ಅಷ್ಟೇ ಹಣವನ್ನು ಅಷ್ಟೇ ವರ್ಷ, ಆದರೆ ಮೂವತ್ತೈದರಿಂದ ಆರಂಭಿಸಿ ತೊಡಗಿಸಿದವರ ಕೈಯಲ್ಲಿ ಅದೇ ನಲವತ್ತೈದಕ್ಕೆ ಇರುವುದು ಸುಮಾರು 40 ಲಕ್ಷ. ಮೊದಲ ಹತ್ತು ವರ್ಷಗಳ ದುಡಿಮೆಗೆ ಇರುವ ಬೆಲೆ ಮುಂದಿನ ಯಾವ ಹತ್ತು ವರ್ಷಗಳಿಗೂ ಇಲ್ಲ.

2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ಎದ್ದ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು. ಆದರೆ ಅವರು ಹೇಳಿದ್ದು ದೇಶದ ಉತ್ಪಾದಕತೆಗಾಗಿ. ಇಲ್ಲಿ ಹೇಳುತ್ತಿರುವುದು ದುಡಿಯುವವನ ಸ್ವಂತ ಬಿಡುಗಡೆಗಾಗಿ. ಊರಿನಲ್ಲಿ ಜಮೀನಿಲ್ಲದ, ತಂದೆಗೆ ಪಿಂಚಣಿಯಿಲ್ಲದ, ತಂಗಿಯ ಓದು ಮತ್ತು ತಾಯಿಯ ಆಸ್ಪತ್ರೆ ಖರ್ಚು ತನ್ನ ಒಂದೇ ಸಂಬಳದ ಮೇಲೆ ನಿಂತಿರುವ ಮೊದಲ ತಲೆಮಾರಿನ ಉದ್ಯೋಗಿಗೆ ಹಣದ ಭಯವಿಲ್ಲದ ರಾತ್ರಿಗಿಂತ ದೊಡ್ಡ ಸುಖ ಬೇರೆ ಯಾವುದಿದೆ? ಬೇಡದ ಕೆಲಸವನ್ನು ಬೇಡವೆನ್ನುವ ಧೈರ್ಯ ಬರುವುದು ಬ್ಯಾಂಕಿನ ಪಾಸ್‌ಬುಕ್ಕಿನಿಂದಲೇ. ಅಲ್ಲದೆ, ತ್ಯಾಗವೆಂದು ನಾವು ದೊಡ್ಡದಾಗಿ ಹೇಳಿಕೊಳ್ಳುವುದರಲ್ಲಿ ಬಹುಪಾಲು ಇನ್ನೂ ದೊಡ್ಡ ಕಾರು ಮತ್ತು ಇನ್ನೂ ಹೊಸ ಫೋನು.

ವಿರೋಧ: ಮುಂದೂಡಲಾಗದ್ದನ್ನು ಮುಂದೂಡುವ ಲೆಕ್ಕ

ಮೇಲಿನ ಒಂದು ಕೋಟಿಯಿಂದಲೇ ಆರಂಭಿಸೋಣ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ, ಇಪ್ಪತ್ತು ವರ್ಷಗಳ ನಂತರದ ಆ ಕೋಟಿಗೆ ಇಂದಿನ ಸುಮಾರು 31 ಲಕ್ಷ ರೂಪಾಯಿಯ ಕೊಳ್ಳುವ ಶಕ್ತಿಯಷ್ಟೇ ಇರುತ್ತದೆ. ವಾರ್ಷಿಕ ಖರ್ಚಿನ 25 ಪಟ್ಟು ಹಣವಿದ್ದರೆ ಸಾಕೆಂಬ ಸೂತ್ರವನ್ನೂ ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ಅದರ ಮೂಲ, ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ 1994ರಲ್ಲಿ ಅಲ್ಲಿನ ಷೇರು ಮತ್ತು ಬಾಂಡ್‌ಗಳ ಅಂಕಿಗಳನ್ನು ಇಟ್ಟುಕೊಂಡು ಮಾಡಿದ ಲೆಕ್ಕ; ನಿವೃತ್ತಿಯ ನಂತರ ಹಣ 30 ವರ್ಷ ಬಾಳಬೇಕೆಂಬುದು ಅದರ ಆಧಾರ. ನಲವತ್ತೈದಕ್ಕೆ ಕೆಲಸ ಬಿಟ್ಟವರು ಇನ್ನೂ ನಲವತ್ತು ವರ್ಷ ಬದುಕಬಹುದು, ಮತ್ತು ಬದುಕುವುದು ಭಾರತದ ಬೆಲೆಯೇರಿಕೆಯ ನಡುವೆ. ಆ ಸೂತ್ರವನ್ನೇ ಒಪ್ಪಿದರೂ, ಇಂದು ತಿಂಗಳಿಗೆ 60 ಸಾವಿರ ಖರ್ಚಿರುವ ಮನೆಗೆ ಬೇಕಾದ 1.8 ಕೋಟಿ ಇಪ್ಪತ್ತು ವರ್ಷಗಳಲ್ಲಿ ಸುಮಾರು 5.8 ಕೋಟಿಯಾಗುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದ ಹಳಬರಿಗೆ ಹಣದುಬ್ಬರದ ಸೂಚ್ಯಂಕ ತಿಳಿದಿರಲಿಲ್ಲ, ಅಷ್ಟೇ.

ಇದಕ್ಕಿಂತ ಗಂಭೀರವಾದದ್ದು ದೇಹದ ಮಾತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ತಗಲುವ ಅಪಾಯ ಸುಮಾರು ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿಯನ್ನು 1961ರಲ್ಲೇ ಹಾಕಿದೆ. ದಿನದ ಕೆಲಸವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ 2024ರ ಜುಲೈನಲ್ಲಿ ಬಂದಾಗ ಐಟಿ ನೌಕರರ ಸಂಘವೇ ಬೀದಿಗಿಳಿದು ವಿರೋಧಿಸಿತು. ಅಂಥ ಹೊರೆಯನ್ನು ಕಾಯ್ದೆ ಹೇರಿದರೆ ಅನ್ಯಾಯವೆಂದೂ, ನಾವೇ ಸ್ವಂತ ಇಚ್ಛೆಯಿಂದ ಹೊತ್ತುಕೊಂಡರೆ ಜಾಣತನವೆಂದೂ ಹೇಳುವುದು ನನಗೆ ಒಪ್ಪಿತವಾಗುವುದಿಲ್ಲ.

ಪರವಾದಿಗಳು ಒಂದು ಬಾಬನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಪ್ಪತ್ತು ಗಂಟೆ ಕಚೇರಿಗೆ ಕೊಟ್ಟವನ ಊಟ, ಬಟ್ಟೆ, ಮಕ್ಕಳ ಹೋಂವರ್ಕ್, ಜ್ವರ ಬಂದ ಅತ್ತೆಯ ಔಷಧಿ, ಇವನ್ನೆಲ್ಲ ಯಾರೋ ನೋಡಿಕೊಳ್ಳಲೇಬೇಕು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿಯುವುದು ಕಂಡುಬಂತು. ಆರ್ಥಿಕ ಸ್ವಾತಂತ್ರ್ಯದ ಕಥೆಗಳಲ್ಲಿ ನಾಯಕ ಒಬ್ಬನೇ. ಅವನ ಬಿಡುಗಡೆಯ ಮೊದಲ ಕಂತನ್ನು ಕಟ್ಟಿದವಳು ಹೆಂಡತಿಯೋ ತಾಯಿಯೋ ಆಗಿರುತ್ತಾಳೆ. ಇಬ್ಬರೂ ಉದ್ಯೋಗದಲ್ಲಿರುವ ಮನೆಯಲ್ಲಿ ಈ ಯೋಜನೆ ನಡೆಯಬೇಕಾದರೆ ಒಬ್ಬರು ಹಿಂದೆ ಸರಿಯಬೇಕು, ಮತ್ತು ಅದು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸ ಕೈಬಿಟ್ಟು ಹೋಗುವ ಭಯ ಸುಳ್ಳಲ್ಲ. ಅದನ್ನು ಪರವಾದಿಗಳು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಆ ಭಯಕ್ಕೆ ಮದ್ದು ಐದಾರು ಕೋಟಿಯಲ್ಲ. ಒಂದು ವರ್ಷದ ಖರ್ಚಿಗೆ ಆಗುವಷ್ಟು ಬೇಗ ಕೈಗೆ ಸಿಗುವ ಹಣ, ಕಂಪನಿ ಕೊಡುವುದನ್ನು ನೆಚ್ಚಿಕೊಳ್ಳದ ಸ್ವಂತ ಆರೋಗ್ಯ ವಿಮೆ, ಅವಲಂಬಿತರಿದ್ದರೆ ದುಡಿಯುವವರು ತೀರಿಕೊಂಡಾಗ ಮನೆಯವರಿಗೆ ಹಣ ಕೊಡುವ ಟರ್ಮ್ ವಿಮೆ, ಸಂಬಳದ ಮೂರನೆಯ ಒಂದು ಭಾಗವನ್ನು ಮೀರದ ಮನೆ ಸಾಲದ ಕಂತು: ಇಷ್ಟನ್ನು 48 ಗಂಟೆಯ ವಾರದಲ್ಲೇ ಹೊಂದಿಸಿಕೊಳ್ಳಲು ಬಹಳಷ್ಟು ಐಟಿ ಸಂಬಳಗಳಿಗೆ ಸಾಧ್ಯವಿದೆ. ಹಾಗೆ ಮಾಡಿದರೆ ಪೂರ್ಣ ಸ್ವಾತಂತ್ರ್ಯ ನಲವತ್ತೈದಕ್ಕೆ ಬದಲು ಐವತ್ತೆಂಟಕ್ಕೆ ಬರಬಹುದು. ಆ ಹದಿಮೂರು ವರ್ಷ ಹೆಚ್ಚು ದುಡಿಯಲು ನನಗೆ ತಕರಾರಿಲ್ಲ, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ವಾರದಲ್ಲಿ ಎರಡು ದಿನವಾದರೂ ಮನೆಯಲ್ಲಿರಲು ಸಾಧ್ಯವಾಗುವುದಾದರೆ.