ಎರಡೂ ಮತ ಒಂದೇ ಪಕ್ಷಕ್ಕೆ ಹಾಕಬೇಕೆಂಬ ನಿಯಮವಿಲ್ಲ

‘ವಿಧಾನಸಭೆಗೆ ಒಂದು ಪಕ್ಷ, ಲೋಕಸಭೆಗೆ ಇನ್ನೊಂದು ಪಕ್ಷ ಎಂದು ಮತ ಹಾಕಿದರೆ ಎರಡನೆಯ ಮತ ಅಸಿಂಧು’ ಎಂಬ ಸಂದೇಶ ಮಂಡ್ಯದ ಕಡೆ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿದೆ. ಇದು ಶುದ್ಧ ಸುಳ್ಳು. ಹಿಂದಿನ ಚುನಾವಣೆಯಲ್ಲಿ ನೀವು ಯಾವ ಗುಂಡಿ ಒತ್ತಿದಿರಿ ಎಂಬುದು ಮತಯಂತ್ರಕ್ಕೆ ಗೊತ್ತಿರುವುದಿಲ್ಲ. 2004ರಲ್ಲಿ ರಾಜ್ಯದಲ್ಲಿ ಎರಡೂ ಚುನಾವಣೆಗಳು ಒಟ್ಟಿಗೇ ನಡೆದವು. ಆಗಲೂ ಇಂಥ ನಿರ್ಬಂಧ ಇರಲಿಲ್ಲ.

ಈ ಸುಳ್ಳನ್ನು ಮಂಡ್ಯದವರೇ ನಂಬುವುದು ತಮಾಷೆ. 2018ರಲ್ಲಿ ಜಿಲ್ಲೆಯ ಏಳಕ್ಕೆ ಏಳೂ ವಿಧಾನಸಭಾ ಕ್ಷೇತ್ರಗಳನ್ನು ಜೆಡಿಎಸ್‌ಗೆ ಕೊಟ್ಟವರು, ಮರುವರ್ಷವೇ ಆ ಪಕ್ಷದ ನಿಖಿಲ್ ಕುಮಾರಸ್ವಾಮಿಯವರನ್ನು ಸೋಲಿಸಿ ಪಕ್ಷೇತರ ಅಭ್ಯರ್ಥಿ ಸುಮಲತಾ ಅವರನ್ನು ದೆಹಲಿಗೆ ಕಳುಹಿಸಿದರು. 2023ರಲ್ಲಿ ಐದು ಕ್ಷೇತ್ರಗಳು ಕಾಂಗ್ರೆಸ್‌ಗೆ. 2024ರಲ್ಲಿ ಸಂಸದರಾದವರು ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ. ಅಸಿಂಧುವಾಗುವುದಾಗಿದ್ದರೆ ಈ ಎರಡು ಫಲಿತಾಂಶಗಳೇ ಬರುತ್ತಿರಲಿಲ್ಲ.

ಬೇರೆ ಬೇರೆಯಾಗಿ ಯೋಚಿಸುವುದರಲ್ಲಿ ತಪ್ಪೇನೂ ಇಲ್ಲ. ಊರಿನ ನಾಲೆ ದುರಸ್ತಿ, ಆಸ್ಪತ್ರೆ, ಪೊಲೀಸ್ ಠಾಣೆ ರಾಜ್ಯ ಸರ್ಕಾರದ ಪಾಲು. ಕಬ್ಬಿನ ಎಫ್‌ಆರ್‌ಪಿ ದರ (ಕಾರ್ಖಾನೆಗಳು ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ) ಪ್ರಕಟಿಸುವುದು, ರೈಲು ಓಡಿಸುವುದು ಕೇಂದ್ರದ್ದು. ಶಾಸಕರನ್ನು ಕೇಳಬೇಕಾದುದನ್ನು ಸಂಸದರನ್ನು ಕೇಳಿ ಸುಸ್ತಾದವರು ನಮ್ಮಲ್ಲಿ ಕಡಿಮೆಯೇನಿಲ್ಲ!

ಯಾರಿಗೆ ಒತ್ತಿದಿರೋ ಅವರಿಗೇ ಬಿತ್ತೇ ಎಂಬ ಅನುಮಾನವಿದ್ದರೆ ಮತಯಂತ್ರದ ಜೊತೆಗಿರುವ, ಚೀಟಿ ಮುದ್ರಿಸುವ ವಿವಿಪ್ಯಾಟ್ ಯಂತ್ರದ ಕಿಟಕಿ ನೋಡಿ: ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆಯಿರುವ ಚೀಟಿ ಏಳು ಸೆಕೆಂಡು ಕಂಡು ಪೆಟ್ಟಿಗೆಗೆ ಬೀಳುತ್ತದೆ. ನೋಟಾಗೆ (‘ಮೇಲಿನ ಯಾರೂ ಅಲ್ಲ’ ಎಂಬ ಗುಂಡಿಗೆ) ಹೆಚ್ಚು ಮತ ಬಂದರೆ ಮರುಚುನಾವಣೆ ಎಂಬ ಅದೇ ಸಂದೇಶದ ಬಾಲವೂ ಸುಳ್ಳೇ. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ನೋಟಾ ಎಷ್ಟೇ ಪಡೆದರೂ, ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಗಳಿಸಿದವರೇ ಗೆದ್ದಂತೆ.