ಕಾಲೇಜಿನ ಅಂಗಳದಲ್ಲಿ ಅಪ್ಪ ಅಮ್ಮನಿಗೆ ಜಾಗವಿರಬೇಕೇ?

ಪರ: ಶುಲ್ಕ ಕಟ್ಟಿದ ಮೇಲೂ ನಮಗೆ ಕೆಲಸವಿದೆ

ಮಗಳು ಶಾಲೆಯಲ್ಲಿದ್ದಷ್ಟು ಕಾಲ ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಪೋಷಕರ ಸಭೆಗೆ ಕರೆ ಬರುತ್ತಿತ್ತು. ಕಾಲೇಜಿಗೆ ಸೇರಿಸಿದ ದಿನ ಶುಲ್ಕ ಕಟ್ಟಿ, ತೋರಿಸಿದ ಕಡೆಗಳಲ್ಲಿ ಸಹಿ ಹಾಕಿ ಹೊರಬಂದೆ. ಅಲ್ಲಿಗೆ ನನ್ನ ಪಾಲಿನ ಕೆಲಸ ಮುಗಿಯಿತು ಎನ್ನುವಂತಿತ್ತು ಕಚೇರಿಯವರ ನಡವಳಿಕೆ. ಆಮೇಲೆ ಬಂದದ್ದು ಎರಡೇ ಬಗೆಯ ಸಂದೇಶ. ಶುಲ್ಕ ಕಟ್ಟಲು ಕೊನೆಯ ದಿನ ಇಂಥದ್ದು. ನಿಮ್ಮ ಮಗಳ ಹಾಜರಾತಿ ಕಡಿಮೆಯಾಗಿದೆ. ಹಣ ಬೇಕಾದಾಗ, ತಪ್ಪು ಹೊರಿಸಬೇಕಾದಾಗ ಮಾತ್ರ ನಮ್ಮ ನೆನಪಾದರೆ ಅದನ್ನು ಸಂಬಂಧವೆಂದು ಹೇಗೆ ಕರೆಯಲಿ?

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಟರ್ನಲ್ ಅಂಕ ಹೆಚ್ಚಿಸಿ ಎಂದು ಉಪನ್ಯಾಸಕರ ಮೇಜಿನ ಮುಂದೆ ನಿಲ್ಲುವುದನ್ನು ನಾನು ಬೆಂಬಲ ಎನ್ನುವುದಿಲ್ಲ. ಮಗಳ ಬದಲು ಅರ್ಜಿ ಬರೆಯುವುದನ್ನೂ ಎನ್ನುವುದಿಲ್ಲ. ಪೋಷಕರು ಕಾಲೇಜಿಗೆ ಹೋಗಬೇಕಾದದ್ದು ಅಲ್ಲಿ ಓದುವ ಎಲ್ಲರ ಸಲುವಾಗಿ ಎಂಬುದಷ್ಟೇ ನನ್ನ ವಾದ.

ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಸೆಮಿಸ್ಟರ್, ಕ್ರೆಡಿಟ್, ಬ್ಯಾಕ್‌ಲಾಗ್, ಮರುಮೌಲ್ಯಮಾಪನ ಇವೆಲ್ಲ ನನ್ನ ಕಿವಿಗೆ ಹೊಸ ಪದಗಳು. ಮೊದಲ ಸೆಮಿಸ್ಟರಿನಲ್ಲಿ ಅವಳಿಗೆ ಒಂದು ವಿಷಯ ಪಾಸಾಗದೆ ಬ್ಯಾಕ್‌ಲಾಗ್ ಆಗಿ ಉಳಿಯಿತು. ವರ್ಷವೇ ಹಾಳಾಯಿತೆಂದು ತಿಳಿದು ರಾತ್ರಿಯಿಡೀ ಅತ್ತೆ. ಅವಳೂ ಅಳುತ್ತಿದ್ದಳು, ಆದರೆ ನನ್ನ ಅಳು ಕಂಡು ಹೆಚ್ಚು ಹೆದರಿದ್ದಳು. ಉಳಿದ ವಿಷಯವನ್ನು ಮುಂದಿನ ಪರೀಕ್ಷೆಗಳ ಜೊತೆಗೇ ಬರೆದು ಪಾಸಾಗಬಹುದು, ಅದರಿಂದ ಓದು ನಿಲ್ಲುವುದಿಲ್ಲ ಎಂದು ನನಗೆ ತಿಳಿಸಿದವರು ಕಾಲೇಜಿನವರಲ್ಲ. ಹಾಸ್ಟೆಲಿನ ಬಾಗಿಲಲ್ಲಿ ಆಕಸ್ಮಿಕವಾಗಿ ಸಿಕ್ಕ, ಅಂತಿಮ ವರ್ಷದ ಹುಡುಗನೊಬ್ಬನ ತಂದೆ. ಹತ್ತು ನಿಮಿಷ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದರು. ಅವರು ಸಿಗದೇ ಹೋಗಿದ್ದರೆ, ಇನ್ನು ಸಾಕು ಬಾ ಎಂದು ಮಗಳನ್ನು ಮನೆಗೆ ಕರೆದುಕೊಂಡು ಬರುತ್ತಿದ್ದೆನೋ ಏನೋ.

ಆ ತಂದೆ ಆಕಸ್ಮಿಕವಾಗಿ ಸಿಗಬಾರದು. ಅವರನ್ನು ಹುಡುಕಿಕೊಂಡು ಹೋಗಬಹುದಾದ ಒಂದು ಜಾಗ ಕಾಲೇಜಿನಲ್ಲೇ ಇರಬೇಕು. ಪೋಷಕರ ಸಂಘವೆಂದರೆ ನನ್ನ ಪಾಲಿಗೆ ಅದೇ. ಮೂರನೆಯ ವರ್ಷದ ಮಕ್ಕಳ ಪೋಷಕರು ಮೊದಲ ವರ್ಷದ ಮಕ್ಕಳ ಪೋಷಕರನ್ನು ಕೂರಿಸಿಕೊಂಡು ವಿದ್ಯಾರ್ಥಿವೇತನದ ಅರ್ಜಿಗೆ ಯಾವ ದಾಖಲೆ ಬೇಕು, ಫಲಿತಾಂಶ ಬಂದ ದಿನ ಮನೆಯಲ್ಲಿ ಏನು ಕೇಳಬಾರದು, ಮಗ ವಾರಗಟ್ಟಲೆ ಫೋನ್ ಎತ್ತದಿದ್ದರೆ ಯಾರನ್ನು ವಿಚಾರಿಸಬೇಕು ಎಂದು ಹೇಳಿಕೊಟ್ಟರೆ ಸಾಕು. ಇದಕ್ಕೆ ಕಟ್ಟಡವೂ ಬೇಡ, ಅನುದಾನವೂ ಬೇಡ.

ಪೋಷಕರೆಂದರೆ ಬರಿಯ ಪೋಷಕರೂ ಅಲ್ಲವಲ್ಲ. ಅವರಲ್ಲಿ ದಾದಿಯರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ರೈತರಿದ್ದಾರೆ, ಎಲೆಕ್ಟ್ರಿಷಿಯನ್ನರಿದ್ದಾರೆ. ಕೆಲಸಕ್ಕೆ ಜನರನ್ನು ಆರಿಸಿದ ಅನುಭವವಿರುವ ತಾಯಿಯೊಬ್ಬರು ಅಂತಿಮ ವರ್ಷದವರಿಗೆ ಅಣಕು ಸಂದರ್ಶನ ನಡೆಸಿಕೊಡಬಹುದು. ಸಣ್ಣ ಉದ್ಯಮ ನಡೆಸುವವರು ಇಬ್ಬರು ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕೊಡಬಹುದು. ಮಣ್ಣಿನ ಪಾಠ ಮಾಡುವ ದಿನ ರೈತ ತಂದೆಯೊಬ್ಬರನ್ನು ತರಗತಿಗೆ ಕರೆದರೆ ಪುಸ್ತಕದ ಪಾಠಕ್ಕೆ ಜೀವ ಬರುತ್ತದೆ, ಆ ತಂದೆಯ ಮಗ ಅಂದು ತಲೆಯೆತ್ತಿ ಕೂರುತ್ತಾನೆ. ಹಣವಿದ್ದವರು ಶುಲ್ಕ ಕಟ್ಟಲಾಗದ ಮಕ್ಕಳ ನಿಧಿಗೆ ಹೆಸರು ಹಾಕಿಸಿಕೊಳ್ಳದೆ ಕೊಡಬಹುದು. ಬೇರೇನೂ ಆಗದವರು ಹಾಸ್ಟೆಲಿನ ಶೌಚಾಲಯ, ಕುಡಿಯುವ ನೀರು, ಗ್ರಂಥಾಲಯ ತೆರೆದಿರುವ ಹೊತ್ತು ಇವುಗಳನ್ನು ಗಮನಿಸಿ ಪ್ರಾಂಶುಪಾಲರಿಗೆ ಹೇಳಬಹುದು. ವಿದ್ಯಾರ್ಥಿ ದೂರಿದರೆ ತುಂಟನೆನಿಸಿಕೊಳ್ಳುತ್ತಾನೆ. ಪೋಷಕರು ದೂರಿದರೆ ಕೊಳಾಯಿ ರಿಪೇರಿಯಾಗುತ್ತದೆ. ಹೀಗಾಗಬಾರದು, ಆದರೆ ಆಗುತ್ತಿರುವುದು ಹೀಗೆಯೇ.

ಸುರಕ್ಷತೆಯ ಮಾತು ಬಂದಾಗ ಕಾನೂನು ಕೂಡ ನಮ್ಮನ್ನು ಹೊರಗಿಟ್ಟಿಲ್ಲ. ಭಾರತದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ತಂದ ರ‍್ಯಾಗಿಂಗ್ ತಡೆ ನಿಯಮಗಳ ಪ್ರಕಾರ ವಿದ್ಯಾರ್ಥಿಯ ಜೊತೆಗೆ ಪೋಷಕರೂ ಪ್ರಮಾಣಪತ್ರ ಸಲ್ಲಿಸಬೇಕು. ಪ್ರತಿ ಸಂಸ್ಥೆಯ ರ‍್ಯಾಗಿಂಗ್ ತಡೆ ಸಮಿತಿಯಲ್ಲಿ ಪೋಷಕರ ಪ್ರತಿನಿಧಿಗಳಿರಬೇಕು. ಪ್ರಮಾಣಪತ್ರಕ್ಕೆ ಎಲ್ಲರೂ ಸಹಿ ಹಾಕುತ್ತೇವೆ. ಸಮಿತಿಯಲ್ಲಿ ನಮ್ಮ ಪರವಾಗಿ ಯಾರಿದ್ದಾರೆ ಎಂದು ಕೇಳಿದವರು ಎಷ್ಟು ಮಂದಿ? ನಾನೂ ಎರಡು ವರ್ಷ ಕೇಳಿರಲಿಲ್ಲ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯ 2018ರಲ್ಲಿ ಇನ್ನೊಂದು ದಾರಿ ಕಂಡುಕೊಂಡಿತು. ವಿದ್ಯಾರ್ಥಿಯ ಮಾನಸಿಕ ಸ್ಥಿತಿ ತೀರಾ ಆತಂಕಕಾರಿಯಾದರೆ ಅವನು ಸೂಚಿಸಿದ ಆಪ್ತರಿಗೆ ತಿಳಿಸಬಹುದೇ ಎಂದು ಪ್ರವೇಶದ ವೇಳೆಯಲ್ಲೇ ಕೇಳತೊಡಗಿತು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಒಪ್ಪಿದರು. ಮನೆಯವರು ದೂರವಿದ್ದರೆ ಸಾಕೆಂದು ಮಕ್ಕಳು ಬಯಸುತ್ತಾರೆಂಬ ಮಾತನ್ನು ನಾನು ಪೂರ್ತಿ ನಂಬದಿರುವುದು ಇದಕ್ಕೇ.

ನನ್ನನ್ನು ಪಾಠದ ಕೋಣೆಗೆ ಬಿಡಿ ಎಂದು ಕೇಳುತ್ತಿಲ್ಲ. ಆದರೆ ನನ್ನ ಮಗಳು ವರ್ಷಗಟ್ಟಲೆ ಇರುವ ಜಾಗವನ್ನು ಸರಿಯಾಗಿಡುವ ಕೆಲಸದಲ್ಲಿ ನನಗೂ ಒಂದು ಪಾಲು ಕೊಡಿ.

ವಿರೋಧ: ಬಾಗಿಲು ತಟ್ಟುವ ಕೈ ವಿದ್ಯಾರ್ಥಿಯದೇ ಆಗಿರಲಿ

ಮೂವತ್ತು ವರ್ಷ ಪಾಠ ಮಾಡಿದವನು ನಾನು. ನನ್ನ ಮೇಜಿಗೆ ಬಂದ ರಜಾ ಅರ್ಜಿಗಳಲ್ಲಿ ಎಷ್ಟೋ ತಂದೆಯ ಅಕ್ಷರದಲ್ಲಿರುತ್ತಿದ್ದವು, ಕೆಳಗೆ ಮಗನ ಸಹಿ. ವಯಸ್ಸು ಹತ್ತೊಂಬತ್ತು, ಮತದಾನದ ಹಕ್ಕು ಬಂದಾಗಿದೆ, ‘ಜ್ವರ ಬಂದಿತ್ತು’ ಎಂದು ಎರಡು ಸಾಲು ಬರೆಯಲು ಮಾತ್ರ ಅಪ್ಪ ಬೇಕು. ಒಮ್ಮೆ ತಾಯಿಯೊಬ್ಬರು ಬಂದು ಇಪ್ಪತ್ತು ನಿಮಿಷ ಮಾತನಾಡಿದರು. ಮಗಳಿಗೆ ಆ ಐಚ್ಛಿಕ ವಿಷಯ ಹಿಡಿಸುತ್ತಿಲ್ಲ, ಬದಲಾಯಿಸಬೇಕು ಎಂದರು. ಅವರ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಹುಡುಗಿಯನ್ನು, ‘ನಿನಗೆ ಏನು ಬೇಕಮ್ಮಾ?’ ಎಂದು ಕೇಳಿದೆ. ಅವಳು ತಾಯಿಯ ಮುಖ ನೋಡಿದಳು. ಆ ನೋಟ ನನಗೆ ಇಂದಿಗೂ ಮರೆತಿಲ್ಲ.

ಪರವಾಗಿ ಬರೆದ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ಬ್ಯಾಕ್‌ಲಾಗ್ ಎಂದರೇನು ಎಂದು ತಿಳಿಸದ ಕಾಲೇಜಿನದು ದೊಡ್ಡ ತಪ್ಪು. ಆದರೆ ತಿಳಿಸಬೇಕಾದದ್ದು ಯಾರಿಗೆ? ಮೊದಲು ಆ ಹುಡುಗಿಗೆ. ಅವಳು ಅದನ್ನು ಸ್ಪಷ್ಟವಾಗಿ ತಿಳಿದುಕೊಂಡು, ಮನೆಗೆ ಬಂದು, ‘ಅಮ್ಮಾ ಹೆದರಬೇಡ, ಹೀಗೆ ಮಾಡಿದರಾಯಿತು’ ಎಂದು ತಾನೇ ಹೇಳುವಂತಾಗಬೇಕಿತ್ತು. ಆ ಮಾತನ್ನು ಹೇಳುವ ಹೊತ್ತಿಗೆ ಅವಳು ಒಂದು ಸೆಮಿಸ್ಟರಿನ ಪಾಠಕ್ಕಿಂತ ಹೆಚ್ಚಿನದನ್ನು ಕಲಿತಿರುತ್ತಿದ್ದಳು.

ಕಾಲೇಜು ಮತ್ತು ಹೆತ್ತವರ ಅಧಿಕಾರ ಒಂದಕ್ಕೊಂದು ಹೆಣೆದುಕೊಂಡಾಗ ಏನಾಗುತ್ತದೆ ಎನ್ನುವುದಕ್ಕೆ ಇತಿಹಾಸವಿದೆ. ಅಮೆರಿಕದ ಕೆಂಟಕಿಯಲ್ಲಿ 1913ರಲ್ಲಿ ಒಂದು ಮೊಕದ್ದಮೆ ನಡೆಯಿತು. ಬೆರಿಯಾ ಕಾಲೇಜು ತನ್ನ ವಿದ್ಯಾರ್ಥಿಗಳು ಹೊರಗಿನ ಉಪಾಹಾರ ಗೃಹಗಳಿಗೆ ಹೋಗಕೂಡದೆಂದು ನಿಷೇಧಿಸಿತ್ತು, ಅಂಥ ಒಂದರ ಮಾಲೀಕ ನ್ಯಾಯಾಲಯಕ್ಕೆ ಹೋದ. ವಿದ್ಯಾರ್ಥಿಗಳ ದೇಹ, ನಡತೆಗಳ ಮಟ್ಟಿಗೆ ಕಾಲೇಜು ಹೆತ್ತವರ ಸ್ಥಾನದಲ್ಲಿದೆ ಎಂದು ನ್ಯಾಯಾಲಯ ಹೇಳಿತು. ಮುಂದಿನ ಸುಮಾರು ಅರ್ಧ ಶತಮಾನ ಆ ಮಾತಿನ ನೆರಳಿನಲ್ಲಿ ಕಾಲೇಜುಗಳು ಊಟ, ಉಡುಗೆ, ಗೆಳೆತನ ಎಲ್ಲಕ್ಕೂ ನಿಯಮ ಮಾಡಿದವು. 1960ರಲ್ಲಿ ವರ್ಣಭೇದದ ವಿರುದ್ಧ ಧರಣಿ ಕುಳಿತ ಕಪ್ಪು ವಿದ್ಯಾರ್ಥಿಗಳನ್ನು ಅಲಬಾಮಾದ ಸರ್ಕಾರಿ ಕಾಲೇಜೊಂದು ವಿಚಾರಣೆಯಿಲ್ಲದೆ ಹೊರಹಾಕಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ, ನೋಟಿಸು ಕೊಡದೆ, ಅವರ ಮಾತು ಕೇಳದೆ ಹೊರಹಾಕುವಂತಿಲ್ಲ ಎಂದು ತೀರ್ಪಿತ್ತಿತು. ತಂದೆ ಮಗನಿಗೆ ನೋಟಿಸು ಕೊಡುವುದಿಲ್ಲ, ನಾಗರಿಕನಿಗೆ ಕೊಡಲೇಬೇಕು. ವಿದ್ಯಾರ್ಥಿ ಆ ದಿನದಿಂದ ನಾಗರಿಕನಾದ. 1974ರಲ್ಲಿ ಬಂದ ಅಲ್ಲಿನ ಶೈಕ್ಷಣಿಕ ದಾಖಲೆಗಳ ಕಾಯ್ದೆಯೂ ಅದೇ ದಾರಿ ಹಿಡಿಯಿತು: ಹದಿನೆಂಟು ತುಂಬಿದಾಗ ಅಥವಾ ಕಾಲೇಜು ಸೇರಿದಾಗ ದಾಖಲೆಗಳ ಮೇಲಿನ ಹಕ್ಕು ಪೋಷಕರಿಂದ ವಿದ್ಯಾರ್ಥಿಗೆ ಹೋಗುತ್ತದೆ. ತುರ್ತು ಸಂದರ್ಭಕ್ಕೆ, ಇನ್ನೂ ಕೆಲವಕ್ಕೆ ವಿನಾಯಿತಿಗಳಿವೆ, ಇರಲೂ ಬೇಕು. ಬ್ರಿಸ್ಟಲಿನ ಉದಾಹರಣೆ ಕೊಟ್ಟವರು ಗಮನಿಸಬೇಕಾದದ್ದೂ ಇದನ್ನೇ. ಅಲ್ಲಿ ಮನೆಯವರಿಗೆ ತಿಳಿಸಬೇಕೋ ಬೇಡವೋ ಎಂದು ಕೇಳಿದ್ದು ವಿದ್ಯಾರ್ಥಿಯನ್ನು. ಯಾರಿಗೆ ತಿಳಿಸಬೇಕೆಂದು ಆರಿಸಿದವನೂ ಅವನೇ.

ಎಲ್ಲ ಮನೆಗಳೂ ಆ ತಾಯಿಯ ಮನೆಯಂತಿಲ್ಲ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಜರಾತಿಯ ಸಂದೇಶ ಪೋಷಕರ ಮೊಬೈಲಿಗೆ ಹೋಗುವ ವ್ಯವಸ್ಥೆ ಬಂದಾಗ ನಾವೆಲ್ಲ ಮೆಚ್ಚಿದ್ದೆವು. ಕೆಲವೇ ತಿಂಗಳಲ್ಲಿ ವಿದ್ಯಾರ್ಥಿನಿಯೊಬ್ಬಳು ಬಂದು, ಮಧ್ಯಾಹ್ನದ ತರಗತಿ ರದ್ದಾದರೂ ತನ್ನನ್ನು ಹಾಜರೆಂದೇ ಗುರುತಿಸಿ ಎಂದು ಬೇಡಿಕೊಂಡಳು. ಆ ಎರಡು ಗಂಟೆ ಗ್ರಂಥಾಲಯದಲ್ಲಿ ಕೂರಲು ಅವಳಿಗೆ ಮನೆಯಲ್ಲಿ ಅನುಮತಿಯಿರಲಿಲ್ಲ. ನಮ್ಮ ಯಂತ್ರ ಅವಳ ಮನೆಯ ಬೀಗಕ್ಕೆ ಇನ್ನೊಂದು ಕೀಲಿಯಾಗಿತ್ತು. ನಾನು ಸುಳ್ಳು ಹಾಜರಾತಿ ಹಾಕಲಿಲ್ಲ. ಅದು ಸರಿಯೆಂದು ನಿಯಮ ಹೇಳುತ್ತದೆ, ನನ್ನ ಮನಸ್ಸು ಇನ್ನೂ ಹೇಳಿಲ್ಲ. ಮನೆಗೆ ಹೆದರುವ ಮಕ್ಕಳಿಗೆ ಕಾಲೇಜು ಒಂದೇ ಒಂದು ತೆರೆದ ಜಾಗ. ಅಲ್ಲಿಗೂ ಮನೆಯನ್ನು ಕರೆತರುವ ಮೊದಲು ಹತ್ತು ಸಲ ಯೋಚಿಸಬೇಕು.

ಇನ್ನು ಪೋಷಕರ ಸಂಘ. ಕಲ್ಪನೆ ಚೆಲುವಾದದ್ದು. ಆದರೆ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆಗೆ ಬರಬಲ್ಲವರು ಯಾರು? ದಿನಗೂಲಿ ಬಿಟ್ಟು ಬರಲಾಗದ ತಂದೆ ಬರುವುದಿಲ್ಲ, ನೂರಾರು ಕಿಲೋಮೀಟರ್ ದೂರದ ತಾಯಿ ಬರುವುದಿಲ್ಲ, ಪ್ರಾಂಶುಪಾಲರ ಎದುರು ಕುರ್ಚಿಯ ತುದಿಯಲ್ಲಿ ಕೂರುವವರು ಬಂದರೂ ಬಾಯಿ ಬಿಡುವುದಿಲ್ಲ. ಮಾತು ಬಲ್ಲ, ಸ್ಥಾನಮಾನವುಳ್ಳ ಏಳೆಂಟು ಮಂದಿಯ ಕೈಗೆ ಸಂಘ ಹೋಗುತ್ತದೆ. ಪ್ರೊಜೆಕ್ಟರ್ ಕೊಡಿಸಿದವರ ಮಗನ ಹಾಜರಾತಿ ಕೊರತೆಯನ್ನು ಪ್ರಶ್ನಿಸಲು ವಿಭಾಗದ ಮುಖ್ಯಸ್ಥರು ಹಿಂದೆಮುಂದೆ ನೋಡುತ್ತಾರೆ. ಹೆಸರು ಹಾಕಿಸಿಕೊಳ್ಳದೆ ಕೊಡಿ ಎಂದು ಆ ತಾಯಿ ಬರೆದಿದ್ದಾರೆ, ಅವರು ಹಾಗೆಯೇ ಕೊಡುತ್ತಾರೆಂದೂ ನಂಬುತ್ತೇನೆ. ನಾನು ಕಂಡ ದಾನಿಗಳಲ್ಲಿ ಹೆಚ್ಚಿನವರು ಹಾಗಿರಲಿಲ್ಲ. ಕೊಳಾಯಿಯ ವಿಷಯಕ್ಕೆ ಬಂದರೆ, ವಿದ್ಯಾರ್ಥಿಗಳ ದೂರಿಗೆ ಬೆಲೆ ಬರುವಂತೆ ಮಾಡುವುದೇ ಅದಕ್ಕೆ ಮದ್ದು. ಪ್ರತಿ ಸಲ ಪೋಷಕರೇ ಬಂದು ರಿಪೇರಿ ಮಾಡಿಸಿದರೆ ವಿದ್ಯಾರ್ಥಿಯ ಮಾತು ಎಂದೆಂದಿಗೂ ಹಗುರವಾಗಿಯೇ ಉಳಿಯುತ್ತದೆ.

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಮನೋವಿಜ್ಞಾನಿಗಳು ಮನುಷ್ಯ ಒಳಗಿನ ಹುರುಪಿನಿಂದ ಕೆಲಸ ಮಾಡಲು ಮೂರು ಬೇಕೆಂದು ಹೇಳಿದರು: ತನ್ನ ನಿರ್ಧಾರ ತನ್ನದೆಂಬ ಭಾವ, ಮಾಡಬಲ್ಲೆನೆಂಬ ಭಾವ, ತನ್ನವರಿದ್ದಾರೆಂಬ ಭಾವ. ಮೂರನೆಯದನ್ನು ಮನೆ ಧಾರಾಳವಾಗಿ ಕೊಡಲಿ. ಅದನ್ನು ಕೊಡುವ ಭರದಲ್ಲಿ ಮೊದಲೆರಡನ್ನು ಕಸಿದುಕೊಳ್ಳುವುದನ್ನು ದಿನವೂ ನೋಡಿದವನು ನಾನು.

ಹಾಗಾದರೆ ಹೆತ್ತವರು ಏನೂ ಮಾಡಬಾರದೇ ಎಂದು ಕೇಳುತ್ತಾರೆ. ಮಾಡಬೇಕಾದದ್ದು ಬಹಳವಿದೆ, ಬಹುಪಾಲು ಮನೆಯಲ್ಲೇ ಇದೆ. ಮಗ ಸಮಸ್ಯೆ ಹೇಳಿದ ಕೂಡಲೇ ಫೋನ್ ಕೈಗೆತ್ತಿಕೊಳ್ಳದೆ, ‘ಯಾರನ್ನು ಕೇಳಿ ನೋಡಿದೆ?’ ಎಂದು ವಿಚಾರಿಸಿ. ಉಪನ್ಯಾಸಕರ ಬಳಿ ಏನು ಹೇಳಬೇಕೆಂದು ಅವನ ಜೊತೆ ಕೂತು ಮಾತನಾಡಿ, ಹೋಗುವವನು ಅವನೇ ಆಗಲಿ. ಮನೆಯ ಹಣಕಾಸಿನ ಸ್ಥಿತಿಯನ್ನು ಮುಚ್ಚಿಡದೆ ಹೇಳಿ. ಅಂಕಗಳನ್ನು ಬಿಟ್ಟು, ಈ ವಾರ ಓದಿದ್ದರಲ್ಲಿ ಏನು ಇಷ್ಟವಾಯಿತು ಎಂದು ಒಮ್ಮೆ ಕೇಳಿ. ಊಟ, ನಿದ್ರೆ, ಮಾತು ಮೂರೂ ಕೆಟ್ಟಿವೆ ಎಂದು ಕಂಡರೆ ಮಾತ್ರ ನನ್ನ ಈ ವಾದವನ್ನೆಲ್ಲ ಬದಿಗಿಟ್ಟು ಅಂದೇ ಹೊರಟು ಬನ್ನಿ.

ಐಚ್ಛಿಕ ವಿಷಯದ ಆ ಹುಡುಗಿಯ ಕಥೆ ಅರ್ಧಕ್ಕೇ ನಿಂತಿತು. ಅಂದು ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಲು ವಿನಂತಿಸಿಕೊಂಡೆ. ಅವರಿಗೆ ಬೇಸರವಾಯಿತು, ಆದರೂ ಹೋದರು. ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, ವಿಷಯ ತನಗೆ ಇಷ್ಟವೇ ಇದೆ, ಪ್ರಯೋಗಾಲಯದಲ್ಲಿ ತನ್ನ ಗುಂಪಿನವರು ತನಗೆ ಏನನ್ನೂ ಮುಟ್ಟಲು ಬಿಡುವುದಿಲ್ಲ ಎಂದಳು. ಮರುದಿನ ಗುಂಪು ಬದಲಾಯಿಸಿಕೊಡಿ ಎಂದು ತಾನೇ ಅರ್ಜಿ ಬರೆದು ತಂದಳು. ಅದರಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು. ತಿದ್ದದೆ ಸಹಿ ಹಾಕಿದೆ.