ಬಾಗಿಲು ಹಾಕದ ಮತಗಟ್ಟೆ

‘ಓಟು ಎಣಿಸೋಕೂ ವಾರಗಟ್ಟಲೆ ಬೇಕೇನ್ರೋ ನಿಮ್ಮ ಅಮೆರಿಕದೋರಿಗೆ?’ ಊರಿನ ಈ ಕುಟುಕು ನ್ಯೂಜೆರ್ಸಿಯ ಕನ್ನಡಿಗರಿಗೆ ಮಾಮೂಲಿ. ಈ ರಾಜ್ಯದಿಂದ ಅಮೆರಿಕದ ಸಂಸತ್ತಿಗೆ ನಡೆದ ಮೊದಲ ಚುನಾವಣೆಯ ಕತೆ ಗೊತ್ತಿದ್ದರೆ, ವಾರವೇ ವಾಸಿ ಅನ್ನುತ್ತಿದ್ದರು.

1789ರಲ್ಲಿ ಆ ಸಂಸತ್ತಿನ, ಅಂದರೆ ಕಾಂಗ್ರೆಸ್ಸಿನ, ಕೆಳಮನೆಗೆ ನ್ಯೂಜೆರ್ಸಿಯಿಂದ ನಾಲ್ಕು ಸ್ಥಾನ. ಇಡೀ ರಾಜ್ಯವೇ ಒಂದು ಕ್ಷೇತ್ರ, ಒಬ್ಬೊಬ್ಬ ಮತದಾರನೂ ನಾಲ್ಕು ಹೆಸರು ಹೇಳಬಹುದು. ಮತದಾನ ಫೆಬ್ರುವರಿ 11ಕ್ಕೆ ಶುರು ಎಂದು ಬರೆದ ಪುಣ್ಯಾತ್ಮರು, ಮುಗಿಯುವುದು ಯಾವಾಗ ಎಂದೇ ಬರೆಯಲಿಲ್ಲ. ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದು) ಹೆಚ್ಚಿಗೆ ಬಿದ್ದ ಓಟು ಇನ್ನೊಂದರ ಕೊರತೆ ತುಂಬುತ್ತಿತ್ತಲ್ಲ, ಹಾಗಾಗಿ ಮೊದಲು ಬಾಗಿಲು ಹಾಕಿದವನೇ ಪೆದ್ದ. ಪಶ್ಚಿಮದ ಕೌಂಟಿಗಳು ಎಳೆದವು. ಪೂರ್ವದ ಎಸೆಕ್ಸ್ ಏಪ್ರಿಲ್ ಕೊನೆಯವರೆಗೂ ಎಳೆಯಿತು. ಕಾದು ಸಾಕಾದ ಗವರ್ನರ್ ಲಿವಿಂಗ್‌ಸ್ಟನ್ ಮತ್ತವರ ಮಂಡಳಿ, ಎಸೆಕ್ಸಿನ ಲೆಕ್ಕವಿಲ್ಲದೆಯೇ ಮಾರ್ಚ್‌ನಲ್ಲಿ ಫಲಿತಾಂಶ ಸಾರಿತು. ಪಶ್ಚಿಮದವರು ಬೆಂಬಲಿಸಿದ ಪಟ್ಟಿಯ ಬೌಡಿನಾಟ್, ಕ್ಯಾಡ್‌ವಾಲಡರ್, ಶೂರ್‌ಮನ್, ಸಿನಿಕ್‌ಸನ್ ನಾಲ್ವರೂ ಗೆದ್ದರು. ಈ ಗೆಲುವು ಸಿಂಧುವಲ್ಲ ಎಂಬ ತಕರಾರು ಕೆಳಮನೆಗೇ ಹೋಯಿತು.

ನಮ್ಮ ಭಾರತದ ಮತಗಟ್ಟೆಯಲ್ಲಿ ಸಂಜೆ ಆರಕ್ಕೆ ಏನಾಗುತ್ತದೆ ನೋಡಿ. ಸಾಲಿನಲ್ಲಿ ನಿಂತವರಿಗೆಲ್ಲ ಪ್ರಿಸೈಡಿಂಗ್ ಆಫೀಸರ್ ಸಹಿ ಹಾಕಿದ, ನಂಬರಿನ ಚೀಟಿ. ಒಂದನೇ ನಂಬರು ಸಾಲಿನ ಕಟ್ಟಕಡೆಯವರಿಗೆ! ಮುಂದಿನಿಂದ ಕೊಡುತ್ತ ಬಂದರೆ, ಹಂಚಿ ಮುಗಿಯುವಷ್ಟರಲ್ಲಿ ಹಿಂದೆ ಇನ್ನಿಪ್ಪತ್ತು ಜನ ಸೇರಿಕೊಂಡಿರುತ್ತಾರೆ. ಚೀಟಿಯವರ ಓಟು ಮುಗಿದ ಮೇಲೆ ಮತಯಂತ್ರದ ಕಂಟ್ರೋಲ್ ಯೂನಿಟ್ಟಿನ ಕ್ಲೋಸ್ ಬಟನ್. ಅದನ್ನೊತ್ತಿದರೆ ಮತ್ತೊಂದು ಓಟು ಹತ್ತದು. ಬಿದ್ದ ಓಟಿನ ಮೊತ್ತ 17ಸಿ ನಮೂನೆಯಲ್ಲಿ ಅಭ್ಯರ್ಥಿಗಳ ಏಜೆಂಟರ ಕೈಗೆ. ಎಸೆಕ್ಸಿನವರ ಆಟ ಇಲ್ಲಿ ನಡೆಯುವುದಿಲ್ಲ. ಬಾಲದಿಂದ ಚೀಟಿ ಹಂಚುವ ಉಪಾಯ ಹೊಳೆದ ಗುಮಾಸ್ತ ಯಾರೋ, ಅವರಿಗೊಂದು ದೊಡ್ಡ ನಮಸ್ಕಾರ.

ಆದರೂ ಎರಡು ಮಾತು ಒಪ್ಪಲೇಬೇಕು. ಅಷ್ಟೆಲ್ಲ ಗೋಜಲಾಗಿದ್ದ ನ್ಯೂಜೆರ್ಸಿಯ ಆ ತಕರಾರು ಅದೇ ವರ್ಷದ ಸೆಪ್ಟೆಂಬರ್ 2ಕ್ಕೆ ಇತ್ಯರ್ಥವಾಯಿತು, ನಾಲ್ವರೂ ಉಳಿದರು. ನಮ್ಮ ಚುನಾವಣಾ ತಕರಾರು ಅರ್ಜಿಯನ್ನು ಆರು ತಿಂಗಳೊಳಗೆ ಮುಗಿಸಲು ಹೈಕೋರ್ಟ್ ಯತ್ನಿಸಬೇಕು ಎಂದು ಕಾಯ್ದೆಯಲ್ಲೇ ಇದೆ. ಸದಸ್ಯರ ಅವಧಿಯೇ ಮುಗಿದರೂ ಅರ್ಜಿ ಮುಗಿಯದ್ದುಂಟು. ಇನ್ನೊಂದು: 50 ಪೌಂಡು ಆಸ್ತಿಯಿದ್ದರೆ ಹೆಂಗಸರಿಗೂ, ಸ್ವತಂತ್ರ ಕಪ್ಪುಜನರಿಗೂ ಓಟು ಕೊಡುವಂಥ ಮಾತು 1776ರ ನ್ಯೂಜೆರ್ಸಿ ಸಂವಿಧಾನದಲ್ಲಿತ್ತು. 1807ರಲ್ಲಿ ಅದನ್ನು ಕಿತ್ತುಕೊಂಡವರೂ ಇವರೇ ಅನ್ನಿ.